ಒಲೆಯ ಹೊಗೆ, ಊರಿನ ಧೂಳು ಮತ್ತು ನಮ್ಮ ಉಸಿರು

ಮಣ್ಣಿನಿಂದ ರೂಪಿಸಿದ ಮನುಷ್ಯನ ಮೂಗಿನಲ್ಲಿ ದೇವರು ಜೀವಶ್ವಾಸವನ್ನು ಊದಿದರೆಂದು ಪವಿತ್ರ ಗ್ರಂಥದ ಮೊದಲ ಪುಟಗಳಲ್ಲಿಯೇ ನಾವು ಓದುತ್ತೇವೆ. ಉಸಿರು ದೇವರ ಮೊದಲ ಕೊಡುಗೆ. ಅದಕ್ಕೆ ಯಾರೂ ಬೆಲೆ ಕೊಟ್ಟಿಲ್ಲ, ಯಾರೂ ಅದನ್ನು ದುಡಿದು ಗಳಿಸಿಲ್ಲ. ಬಹುಶಃ ಆ ಕಾರಣದಿಂದಲೇ ಅದು ಕುಂದುತ್ತಾ ಬರುವವರೆಗೆ ನಾವು ಅದರ ಕಡೆಗೆ ಗಮನ ಹರಿಸುವುದಿಲ್ಲ.

ನಮ್ಮ ಧರ್ಮಕೇಂದ್ರದ ಹಿರಿಯ ಮಹಿಳೆಯೊಬ್ಬರು ಪ್ರತಿ ಭಾನುವಾರ ಬಲಿಪೂಜೆಗೆ ಬರುವಾಗ ಚರ್ಚಿನ ಮೆಟ್ಟಿಲುಗಳ ನಡುವೆ ಎರಡು ಕಡೆ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ವಯಸ್ಸಾಯಿತು ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಪೂಜೆಯ ನಡುವೆ ಅವರ ಕೆಮ್ಮು ಕೇಳಿದಾಗ ಕೆಲವರು ಹಿಂದಿರುಗಿ ನೋಡುತ್ತಿದ್ದುದೂ ಉಂಟು. ಕೊನೆಗೆ ಒಂದು ಮಳೆಗಾಲದಲ್ಲಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ವೈದ್ಯರು ಪದ್ಧತಿಯಂತೆ ಮೊದಲು ಕೇಳಿದ ಪ್ರಶ್ನೆ, ಬೀಡಿ ಸೇದುವ ಅಭ್ಯಾಸವಿದೆಯೇ ಎಂಬುದು. ಅಷ್ಟು ಸಂಕಟದಲ್ಲಿಯೂ ಅವರಿಗೆ ನಗು ಬಂತಂತೆ. "ಬೀಡಿ ಮುಟ್ಟಿದವಳಲ್ಲ ಡಾಕ್ಟ್ರೇ, ಐವತ್ತು ವರ್ಷ ಒಲೆ ಊದಿದ್ದೇನೆ, ಅಷ್ಟೇ" ಎಂದರಂತೆ.

ಈ ಒಂದು ಉತ್ತರದಲ್ಲಿ ಇಂದು ಬೆಳೆಯುತ್ತಿರುವ ರಾಷ್ಟ್ರಗಳ ಶ್ವಾಸಕೋಶದ ಕಥೆಯೆಲ್ಲ ಅಡಗಿದೆ ಎಂದು ನಮಗೆ ತೋರುತ್ತದೆ.

ಯಾರ ರೋಗ ಇದು?

ವೈದ್ಯರು ಸಂಕ್ಷಿಪ್ತವಾಗಿ ಸಿ.ಒ.ಪಿ.ಡಿ. ಎಂದು ಕರೆಯುವ, ಶ್ವಾಸನಾಳಗಳು ನಿಧಾನವಾಗಿ ಇಕ್ಕಟ್ಟಾಗಿ ಉಸಿರಾಟಕ್ಕೆ ಶಾಶ್ವತ ಅಡಚಣೆಯುಂಟಾಗುವ ರೋಗವು ಇಂದು ಲೋಕದ ದೊಡ್ಡ ಮೃತ್ಯುಕಾರಣಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಈ ರೋಗದಿಂದ ಸುಮಾರು 35 ಲಕ್ಷ ಜನರು ಮರಣ ಹೊಂದಿದರು. ಲೋಕದ ಒಟ್ಟು ಮರಣಗಳಲ್ಲಿ ಇದು ನೂರಕ್ಕೆ ಐದರಷ್ಟು. ಇದಕ್ಕಿಂತಲೂ ಗಮನಾರ್ಹವಾದ ಅಂಶವೊಂದಿದೆ. ಎಪ್ಪತ್ತು ವರ್ಷ ತುಂಬುವ ಮೊದಲೇ ಈ ರೋಗಕ್ಕೆ ಬಲಿಯಾಗುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತು ಮಂದಿ ಬಡ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳವರು. ಶ್ರೀಮಂತ ರಾಷ್ಟ್ರಗಳಲ್ಲಿ ಈ ರೋಗದ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪ್ರಕರಣಗಳಿಗೆ ಧೂಮಪಾನವೇ ಕಾರಣ. ಬಡ ಹಾಗೂ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿ ಧೂಮಪಾನದ ಪಾಲು ಮೂವತ್ತರಿಂದ ನಲವತ್ತು ಮಾತ್ರ. ಉಳಿದವರು ಒಲೆಯ ಮುಂದೆ, ಕಲ್ಲುಕ್ವಾರಿಯಲ್ಲಿ, ವಾಹನ ಕಿಕ್ಕಿರಿದ ರಸ್ತೆಯಲ್ಲಿ ತಮ್ಮ ಉಸಿರನ್ನು ಕಳೆದುಕೊಂಡವರು.

ನಮ್ಮ ದೇಶದ ಚಿತ್ರವನ್ನು ನೋಡೋಣ. ಭಾರತದ ಎಲ್ಲ ರಾಜ್ಯಗಳ ಅಂಕಿಅಂಶಗಳನ್ನು ಕ್ರೋಡೀಕರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1990ರಲ್ಲಿ ದೇಶದಲ್ಲಿ 2 ಕೋಟಿ 81 ಲಕ್ಷದಷ್ಟಿದ್ದ ಈ ರೋಗಿಗಳ ಸಂಖ್ಯೆ 2016ರ ವೇಳೆಗೆ 5 ಕೋಟಿ 53 ಲಕ್ಷಕ್ಕೆ ಏರಿತ್ತು. ಲೋಕದ ಜನಸಂಖ್ಯೆಯಲ್ಲಿ ನಮ್ಮ ಪಾಲು ನೂರಕ್ಕೆ 18 ಆಗಿದ್ದರೆ, ದೀರ್ಘಕಾಲದ ಶ್ವಾಸರೋಗಗಳಿಂದ ಲೋಕ ಅನುಭವಿಸುವ ಒಟ್ಟು ನಷ್ಟದಲ್ಲಿ ನಮ್ಮ ಪಾಲು 32 ಆಗಿತ್ತು. ಕಾರಣಗಳನ್ನು ವಿಂಗಡಿಸಿದಾಗ ಈ ರೋಗದ ಹೊರೆಯ ಅರ್ಧಕ್ಕಿಂತ ಹೆಚ್ಚು ಪಾಲು ಮನೆಯೊಳಗಿನ ಮತ್ತು ಹೊರಗಿನ ಕೆಟ್ಟ ಗಾಳಿಯದು, ಕಾಲುಭಾಗ ತಂಬಾಕಿನದು, ಸುಮಾರು ಆರನೆಯ ಒಂದು ಭಾಗ ಕೆಲಸದ ಸ್ಥಳದ ಧೂಳು ಹೊಗೆಗಳದು.

ಅಂಕಿಗಳನ್ನು ಓದುವಾಗ ಒಂದು ಎಚ್ಚರವೂ ಅಗತ್ಯ. ರೋಗಿಗಳ ಸಂಖ್ಯೆ ಇಮ್ಮಡಿಯಾಯಿತೆಂದ ಮಾತ್ರಕ್ಕೆ ಪ್ರತಿಯೊಬ್ಬರ ಅಪಾಯವೂ ಇಮ್ಮಡಿಯಾಯಿತೆಂದು ಅರ್ಥವಲ್ಲ. ಜನಸಂಖ್ಯೆ ಬೆಳೆದಿದೆ, ಜನರು ಹಿಂದಿನವರಿಗಿಂತ ಹೆಚ್ಚು ಕಾಲ ಬಾಳುತ್ತಿದ್ದಾರೆ. ವಯಸ್ಸು ಹೆಚ್ಚಿದಂತೆ ಹಳೆಯ ಹೊಗೆಯ ಸಾಲ ತೀರಿಸಬೇಕಾಗಿ ಬರುತ್ತದೆ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ ಅನೇಕ ರಾಷ್ಟ್ರಗಳಲ್ಲಿ, ವಿಶೇಷವಾಗಿ ಚೀನಾದಲ್ಲಿ, ಈ ರೋಗದಿಂದ ಸಾಯುವವರ ಪ್ರಮಾಣ 1990ರಿಂದೀಚೆಗೆ ಸಾಕಷ್ಟು ಇಳಿದಿದೆ. ಆದುದರಿಂದ ನಿರಾಶೆಗೆ ಕಾರಣವಿಲ್ಲ. ಆದರೆ ನಿಶ್ಚಿಂತೆಗೂ ಕಾರಣವಿಲ್ಲ. ಪ್ರಮಾಣ ಇಳಿದರೂ ಹಾಸಿಗೆ ಹಿಡಿದವರ ಸಂಖ್ಯೆ ಏರುತ್ತಲೇ ಇದೆ. ಅವರನ್ನು ನೋಡಿಕೊಳ್ಳಬೇಕಾದವರು ಅಂಕಿಅಂಶಗಳಲ್ಲ, ಕುಟುಂಬಗಳು.

ಅಡುಗೆಮನೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಇಂದಿಗೂ ಲೋಕದ ಸುಮಾರು 210 ಕೋಟಿ ಜನರು ಸೌದೆ, ಸೆಗಣಿಯ ಬೆರಣಿ, ಕಲ್ಲಿದ್ದಲು ಅಥವಾ ಸೀಮೆಎಣ್ಣೆಯ ಹೊಗೆಯಲ್ಲಿ ಅಡುಗೆ ಮಾಡುತ್ತಾರೆ. ಈ ಹೊಗೆಯಿಂದ 2020ರಲ್ಲಿ ಅಕಾಲಮರಣಕ್ಕೆ ತುತ್ತಾದವರು 32 ಲಕ್ಷ. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು.

ಒಲೆಯ ಹೊಗೆಯನ್ನು ವಿಜ್ಞಾನಿಗಳು ಗಂಭೀರವಾಗಿ ಅಳೆಯತೊಡಗಿದ್ದು ತಡವಾಗಿಯೇ. ಅಮೆರಿಕೆಯ ವಿಜ್ಞಾನಿ ಕರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಗಾಳಿಯನ್ನು ಅಳೆದು, ಗೃಹಿಣಿಯರು ಸೇವಿಸುವ ಹೊಗೆಯ ಪ್ರಮಾಣವನ್ನು ಲೋಕದ ಮುಂದಿಟ್ಟ ಮೊದಲಿಗರಲ್ಲಿ ಒಬ್ಬರು. ನಮ್ಮ ರಾಜ್ಯದ ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ನಡುವೆ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಸರಳ ಲೆಕ್ಕವೊಂದನ್ನು ಕೊಟ್ಟಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕಳೆದಿದ್ದೀರಿ, ಎಷ್ಟು ವರ್ಷ ಕಳೆದಿದ್ದೀರಿ, ಇವೆರಡನ್ನು ಗುಣಿಸಿರಿ. ಉತ್ತರ 60ನ್ನು ದಾಟಿದರೆ ದೀರ್ಘಕಾಲದ ಕೆಮ್ಮು ಕಫದ ಅಪಾಯ ಸ್ಪಷ್ಟವಾಗಿ ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದ ತಾಯಿ ಆ ಗೆರೆಯನ್ನು ಮುಟ್ಟಿಬಿಡುತ್ತಾಳೆ. ಐವತ್ತು ವರ್ಷ ಒಲೆ ಊದಿದ ನಮ್ಮ ಹಿರಿಯಳ ಲೆಕ್ಕ ಓದುಗರೇ ಮಾಡಿಕೊಳ್ಳಬಹುದು.

ನಮ್ಮ ಮನೆಗಳಲ್ಲಿ ಈಗ ಗ್ಯಾಸ್ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ, ಅದು ಸಂತೋಷದ ಸಂಗತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು 2015-16ರಲ್ಲಿ ನೂರಕ್ಕೆ 44ರಷ್ಟಿದ್ದವು, 2019-21ರಲ್ಲಿ 59ರ ಸಮೀಪಕ್ಕೆ ಬಂದವು. ಕರ್ನಾಟಕದಲ್ಲಿ ಇದು 80ರ ಹತ್ತಿರ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಡಿ ಹತ್ತು ಕೋಟಿಗೂ ಹೆಚ್ಚು ಸಂಪರ್ಕಗಳನ್ನು ಕೊಡಲಾಗಿದೆ. ಆದರೆ ಗ್ಯಾಸ್ ಒಲೆ ಮನೆಗೆ ಬರುವುದು ಬೇರೆ, ಸೌದೆಯ ಒಲೆ ಆರುವುದು ಬೇರೆ. ಸಿಲಿಂಡರಿನ ಬೆಲೆ ನೋಡಿ ಅದನ್ನು ಚಹಾಕ್ಕೆ, ಅತಿಥಿಗಳು ಬಂದಾಗಿನ ಅಡುಗೆಗೆ ಮೀಸಲಿಡುವ ಮನೆಗಳು ಎಷ್ಟಿಲ್ಲ? ಕರಾವಳಿಯಲ್ಲಿ ಕುಚ್ಚಲಕ್ಕಿ ಬೇಯಲು ಹಿಡಿಯುವ ಹೊತ್ತನ್ನು ಬಲ್ಲ ಗೃಹಿಣಿ ಅದನ್ನು ಸೌದೆಯ ಒಲೆಗೇ ಬಿಡುತ್ತಾಳೆ. ಸ್ನಾನದ ಹಂಡೆಯ ಕೆಳಗೆ ತೆಂಗಿನ ಗರಿ, ಮಡಲು, ಜತೆಗೆ ಕೆಲವೊಮ್ಮೆ ಪ್ಲಾಸ್ಟಿಕ್ ಚೀಲಗಳೂ ಉರಿಯುತ್ತವೆ. ಹಾಗೆ ಬೆಂಕಿ ಕಾಯುತ್ತಾ ಕುಳಿತಿರುವವರು ಹೆಚ್ಚಾಗಿ ಮನೆಯ ಅಜ್ಜಿ, ಅವಳ ಮಗ್ಗುಲಲ್ಲಿ ಮೊಮ್ಮಗು.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡವು 1980ರ ದಶಕದಲ್ಲಿಯೇ ಹೊಗೆಕೊಳವೆಯಿರುವ, ಸೌದೆ ಉಳಿಸುವ ಒಲೆಯನ್ನು ರೂಪಿಸಿತ್ತು. ಚೀನಾದ ಯುನ್ನಾನ್ ಪ್ರಾಂತ್ಯದ ಶುವಾನ್‌ವೈ ಎಂಬ ಪ್ರದೇಶದ ಅನುಭವವಂತೂ ಕಣ್ಣು ತೆರೆಸುವಂಥದು. ಅಲ್ಲಿನ ಹೆಂಗಸರು ಬಹುತೇಕ ಯಾರೂ ತಂಬಾಕು ಸೇದುತ್ತಿರಲಿಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಅವರಲ್ಲಿ ಆ ದೇಶದಲ್ಲಿಯೇ ಅತಿ ಹೆಚ್ಚಿನ ಪ್ರಮಾಣದಲ್ಲಿತ್ತು. ಮನೆಯೊಳಗೆ ಕೊಳವೆಯಿಲ್ಲದ ಕುಳಿಯಲ್ಲಿ ಹೊಗೆ ಉಗುಳುವ ಕಲ್ಲಿದ್ದಲನ್ನು ಉರಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ತಿಳಿದುಬಂತು. ಕೊಳವೆಯಿರುವ ಒಲೆಗಳನ್ನು ಹಾಕಿಸಿಕೊಂಡ ಮನೆಗಳಲ್ಲಿ ಕ್ಯಾನ್ಸರಿನ ಪ್ರಮಾಣ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇಳಿಯಿತು. ದಮ್ಮಿನ ರೋಗವೂ ಕಡಿಮೆಯಾಯಿತು. ಆದರೆ ಆ ಪ್ರಯೋಜನ ಪೂರ್ಣವಾಗಿ ಕಾಣಿಸಿಕೊಳ್ಳಲು ಸುಮಾರು ಹತ್ತು ವರ್ಷ ಬೇಕಾಯಿತು. ಇಂದು ಹಾಕಿಸಿದ ಕೊಳವೆಯ ಫಲ ಮುಂದಿನ ತಲೆಮಾರಿಗೆ ಸಲ್ಲುತ್ತದೆ ಎಂಬುದನ್ನು ನಾವು ಮರೆಯಲಾಗದು.

ಕ್ಷಯ ಮತ್ತು ಕಲ್ಲಿನ ಧೂಳು

ಬಡವರ ಶ್ವಾಸಕೋಶವನ್ನು ಕಾಡುವ ಇನ್ನೊಂದು ಹಳೆಯ ಶತ್ರು ಕ್ಷಯ. ಈ ರೋಗದಲ್ಲಿ ಭಾರತಕ್ಕೆ ಸ್ವಲ್ಪ ಸಮಾಧಾನ ಉಂಟು. ಲಕ್ಷ ಜನರಲ್ಲಿ ವರ್ಷಕ್ಕೆ ಹೊಸದಾಗಿ ಕ್ಷಯಕ್ಕೆ ತುತ್ತಾಗುವವರು 2015ರಲ್ಲಿ 237 ಮಂದಿ ಇದ್ದರು. 2023ರಲ್ಲಿ ಈ ಸಂಖ್ಯೆ 195ಕ್ಕೆ ಇಳಿದಿತ್ತು. ಆದರೂ ಲೋಕದ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮವರೇ. ಔಷಧದಿಂದ ಕ್ಷಯ ವಾಸಿಯಾದ ಮೇಲೂ ಶ್ವಾಸಕೋಶದಲ್ಲಿ ಉಳಿದ ಗಾಯದ ಕಲೆಗಳು ಅನೇಕರನ್ನು ಜೀವನಪೂರ್ತಿ ಏದುಸಿರಿಗೆ ಗುರಿಮಾಡುತ್ತವೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಈ ಮಾತಿನ ಸತ್ಯ ಎದ್ದುಕಾಣುತ್ತದೆ. ಲೋಕದ ಹನ್ನೆರಡು ಕಡೆ ಏಕರೀತಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶ್ವಾಸಾಡಚಣೆಯ ರೋಗ ಅತಿ ಹೆಚ್ಚು ಕಂಡುಬಂದದ್ದು ಆ ನಗರದಲ್ಲಿ. ಧೂಮಪಾನ, ಕ್ಷಯ, ಕೆಲಸದ ಸ್ಥಳದ ಧೂಳು ಎಲ್ಲವೂ ಅಲ್ಲಿನ ಬಡ ಬಡಾವಣೆಗಳ ಮೇಲೆ ಒಟ್ಟಿಗೆ ಎರಗಿದ್ದವು.

ಕ್ಷಯಕ್ಕೆ ಮಾತ್ರೆಯಷ್ಟೇ ಮುಖ್ಯವಾದ ಮದ್ದು ಅನ್ನ ಎಂಬುದನ್ನು ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ ತೋರಿಸಿಕೊಟ್ಟಿತು. ಕ್ಷಯರೋಗಿಗಳ ಮನೆಯವರಿಗೆ ತಿಂಗಳಿಗೊಮ್ಮೆ ಧಾನ್ಯ ಬೇಳೆಗಳ ಪೊಟ್ಟಣ ಕೊಟ್ಟಾಗ ಆ ಮನೆಯ ಇತರರಿಗೆ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೇಳುತ್ತದೆ. ಹಸಿದವರಿಗೆ ಅನ್ನವಿಕ್ಕಿರೆಂದು ಬಾಲ್ಯದಿಂದ ಧರ್ಮೋಪದೇಶ ಕೇಳುತ್ತಾ ಬಂದ ನಮಗೆ ಇದು ಹೊಸ ಪಾಠವಾಗಬಾರದು.

ಧೂಳಿನ ಮಾತು ಬಂದಾಗ ಕನ್ನಡ ನಾಡಿಗೆ ಕೋಲಾರದ ಚಿನ್ನದ ಗಣಿ ನೆನಪಾಗದಿರದು. ಬಂಡೆ ಕೊರೆಯುವಾಗ ಏಳುವ ಸಿಲಿಕ ಧೂಳು ಎದೆಯೊಳಗೆ ಇಳಿದು ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ರೋಗವನ್ನು ಭಾರತದಲ್ಲಿ ಮೊದಮೊದಲು ಗುರುತಿಸಿದ್ದು ಆ ಗಣಿಯ ಕಾರ್ಮಿಕರಲ್ಲಿ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಆದರೆ ಎದೆಯೊಳಗಿನ ಧೂಳಿಗೆ ಬೀಗ ಹಾಕಲು ಬರುವುದಿಲ್ಲ. ಕೆಲಸ ಬಿಟ್ಟ ಮೇಲೂ ಈ ರೋಗ ಮುಂದುವರಿಯುತ್ತದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕಾರ್ಮಿಕರು ದೀರ್ಘಕಾಲ ನ್ಯಾಯಾಲಯದಲ್ಲಿ ಹೋರಾಡಿದ ಫಲವಾಗಿ 500 ಕೋಟಿ ರ್‍ಯಾಂಡ್‌ಗಳ ಪರಿಹಾರದ ಒಪ್ಪಂದಕ್ಕೆ 2019ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಸಮ್ಮತಿ ನೀಡಿತು. ನಮ್ಮಲ್ಲಿ ರಾಜಸ್ಥಾನ ಸರಕಾರ ಅದೇ ವರ್ಷ ಇಂತಹ ರೋಗಿಗಳಿಗಾಗಿ ಪ್ರತ್ಯೇಕ ನೀತಿಯನ್ನು ತಂದಿತು. ಇಂದು ನಮ್ಮ ಹೊಸ ಮನೆಗಳ ನೆಲಕ್ಕೆ ಗ್ರಾನೈಟ್ ಕೊಯ್ಯುವ ಯುವಕ ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡು ಬಿಳಿ ಧೂಳಿನ ನಡುವೆ ನಿಂತಿರುತ್ತಾನೆ. ಕೊಯ್ಯುವಾಗ ನೀರು ಹಾಯಿಸಿದರೆ ಧೂಳು ಬಹಳಷ್ಟು ಅಡಗುತ್ತದೆ. ಆ ನೀರಿಗಾಗಿ ಒತ್ತಾಯಿಸುವ ಮನೆಯ ಯಜಮಾನರು ನಮ್ಮಲ್ಲಿ ಎಷ್ಟು ಮಂದಿ?

ಪ್ರಗತಿಗೆ ತೆರಬೇಕಾದ ಬೆಲೆಯೇ?

ಮೊದಲು ಹೊಟ್ಟೆ ತುಂಬಲಿ, ಆಮೇಲೆ ಗಾಳಿಯ ಮಾತು ಎನ್ನುವವರುಂಟು. ಕಾರ್ಖಾನೆಗಳು ಬೇಕು, ರಸ್ತೆಗಳು ಬೇಕು, ಹೊಗೆ ಅನಿವಾರ್ಯ ಎಂಬುದು ಅವರ ವಾದ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ, ಬಡತನವೂ ಕೊಲ್ಲುತ್ತದೆ. ಆದರೆ ಅನುಭವ ಬೇರೆ ಹೇಳುತ್ತದೆ. ಚೀನಾದಲ್ಲಿ 2018ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ಸುಮಾರು ಹತ್ತು ಕೋಟಿ ವಯಸ್ಕರಿಗೆ ಶ್ವಾಸಾಡಚಣೆಯ ರೋಗವಿದೆಯೆಂದು ಅಂದಾಜು ಮಾಡಿತು. ತಮಗೆ ಆ ರೋಗವಿದೆಯೆಂದು ಬಲ್ಲವರು ಅವರಲ್ಲಿ ನೂರಕ್ಕೆ ಮೂವರೂ ಇರಲಿಲ್ಲ. ಅದೇ ಚೀನಾ 2013ರಲ್ಲಿ ಗಾಳಿಯನ್ನು ಶುದ್ಧಗೊಳಿಸುವ ಕಾರ್ಯಯೋಜನೆಯನ್ನು ಕೈಗೊಂಡು, ಮುಂದಿನ ಎಂಟು ವರ್ಷಗಳಲ್ಲಿ ಸೂಕ್ಷ್ಮ ಧೂಳಿನ ಪ್ರಮಾಣವನ್ನು ನೂರಕ್ಕೆ ನಲವತ್ತರಷ್ಟು ಇಳಿಸಿತು. ಅದಕ್ಕಾಗಿ ಆ ದೇಶದ ಕಾರ್ಖಾನೆಗಳೆಲ್ಲ ಮುಚ್ಚಿಹೋಗಲಿಲ್ಲ. ಬ್ರೆಜಿಲ್ ದೇಶದಲ್ಲಿ 1989ರಲ್ಲಿ ಮೂವರು ವಯಸ್ಕರಲ್ಲಿ ಒಬ್ಬರು ಧೂಮಪಾನಿಗಳಾಗಿದ್ದರು. ತೆರಿಗೆ, ಜಾಹೀರಾತು ನಿಷೇಧ, ಪೊಟ್ಟಣದ ಮೇಲಿನ ಚಿತ್ರ ಎಚ್ಚರಿಕೆಗಳ ಮೂಲಕ 2013ರ ವೇಳೆಗೆ ಅದು ಏಳರಲ್ಲಿ ಒಬ್ಬರಿಗೆ ಇಳಿಯಿತು. ಇಂಡೋನೇಷ್ಯಾದಲ್ಲಿ ಇಂದಿಗೂ ಹತ್ತು ಗಂಡಸರಲ್ಲಿ ಆರಕ್ಕೂ ಹೆಚ್ಚು ಮಂದಿ ಸೇದುತ್ತಾರೆ. ಎರಡೂ ಬೆಳೆಯುತ್ತಿರುವ ರಾಷ್ಟ್ರಗಳೇ, ವ್ಯತ್ಯಾಸವಿರುವುದು ಸಂಕಲ್ಪದಲ್ಲಿ. ನಮ್ಮ ದೇಶದಲ್ಲಿಯೂ ತಂಬಾಕು ಬಳಸುವ ವಯಸ್ಕರು 2009-10ರಲ್ಲಿ ನೂರಕ್ಕೆ 34.6ರಷ್ಟಿದ್ದವರು 2016-17ರಲ್ಲಿ 28.6ಕ್ಕೆ ಇಳಿದರು. ಇಳಿಸಲು ಸಾಧ್ಯವೆಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ?

ಜಗದ್ಗುರು ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ವಿಶ್ವಪತ್ರದ ಆರಂಭದ ಭಾಗದಲ್ಲಿಯೇ ಅಡುಗೆಗಾಗಿ, ಚಳಿ ಕಾಯಿಸುವುದಕ್ಕಾಗಿ ಉರಿಸುವ ಇಂಧನದ ಹೊಗೆಯಿಂದ ಬಡವರು ರೋಗಿಗಳಾಗುವುದನ್ನು ಪ್ರಸ್ತಾಪಿಸಿದ್ದಾರೆ. ವಿಶ್ವಪತ್ರವೊಂದರಲ್ಲಿ ಬಡವರ ಅಡುಗೆಮನೆಯ ಹೊಗೆಗೆ ಸ್ಥಾನ ದೊರೆತದ್ದು ಸಣ್ಣ ಸಂಗತಿಯಲ್ಲ. ಯೌವನದಲ್ಲಿಯೇ ಶಸ್ತ್ರಚಿಕಿತ್ಸೆಯಿಂದ ಶ್ವಾಸಕೋಶದ ಒಂದು ಭಾಗವನ್ನು ಕಳೆದುಕೊಂಡಿದ್ದ ಅವರಿಗೆ ಉಸಿರಿನ ಬೆಲೆ ಪುಸ್ತಕದಿಂದ ತಿಳಿದದ್ದಲ್ಲ. ಆದಾಯ ಬರುತ್ತಿದ್ದರೂ ಲೆಕ್ಕಿಸದೆ 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನು ನಿಲ್ಲಿಸಿದವರೂ ಅವರೇ. 2025ರ ಆರಂಭದಲ್ಲಿ ಎರಡೂ ಶ್ವಾಸಕೋಶಗಳ ನ್ಯುಮೋನಿಯದಿಂದ ಅವರು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ಲೋಕವೆಲ್ಲ ಅವರ ಉಸಿರಿಗಾಗಿ ಪ್ರಾರ್ಥಿಸಿತು. ನಮ್ಮ ನೆರೆಮನೆಯ ಹಿರಿಯರ ಉಸಿರಿಗಾಗಿಯೂ ನಾವು ಅಷ್ಟೇ ಕಾಳಜಿ ತೋರಬೇಕಲ್ಲವೇ?

ನಾವು ಮಾಡಬಹುದಾದದ್ದು

ಸರಕಾರ ಮಾಡಬೇಕಾದ ಕೆಲಸಗಳಿವೆ; ಅವನ್ನು ಕೇಳುವ ಹಕ್ಕೂ ನಮಗಿದೆ. ಗಾಳಿಯಲ್ಲಿ ಸೂಕ್ಷ್ಮ ಧೂಳಿನ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೊಗ್ರಾಂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದರೆ ನಮ್ಮ ದೇಶದ ಮಾನದಂಡ 40. ಬಡ ಮನೆಗಳಿಗೆ ಎರಡನೆಯ, ಮೂರನೆಯ ಸಿಲಿಂಡರ್ ಕೂಡ ಕೈಗೆಟುಕುವಂತಾಗಬೇಕು. ತಾಲೂಕು ಆಸ್ಪತ್ರೆಗಳಲ್ಲಿ ರಕ್ತದೊತ್ತಡ ನೋಡುವಂತೆಯೇ ಉಸಿರು ಊದಿಸಿ ಅಳೆಯುವ ಸ್ಪೈರೋಮೀಟರ್ ಪರೀಕ್ಷೆ ಸಾಮಾನ್ಯವಾಗಬೇಕು.

ಆದರೆ ಎಲ್ಲವನ್ನೂ ಸರಕಾರದ ಬಾಗಿಲಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಮಹಿಳಾ ಸಂಘಗಳಿವೆ, ಯುವಜನರ ಕೂಟಗಳಿವೆ, ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯಿದೆ. ಮನೆ ಕಟ್ಟಲು, ಮದುವೆಗೆ ನೆರವಾಗುವ ಈ ಸಂಘಗಳು ವರ್ಷಕ್ಕೆ ಹತ್ತು ಬಡ ಮನೆಗಳಲ್ಲಿ ಬಚ್ಚಲೊಲೆಗೆ ಹೊಗೆಕೊಳವೆ ಹಾಕಿಸಬಾರದೇಕೆ? ಕ್ಷಯರೋಗಿಯ ಮನೆಗೆ ಆರು ತಿಂಗಳು ಅಕ್ಕಿ ಬೇಳೆ ಕಳುಹಿಸಬಾರದೇಕೆ? ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ ನೋಡುವಾಗ ಉಸಿರನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೇಳಬಾರದೇಕೆ? ಹಬ್ಬದ ಮರುದಿನ ಚರ್ಚಿನ ಅಂಗಳದ ಕಸವನ್ನು ಪ್ಲಾಸ್ಟಿಕ್ ಸಮೇತ ಉರಿಸುವ ಅಭ್ಯಾಸವನ್ನಾದರೂ ಈ ವರ್ಷ ನಿಲ್ಲಿಸಬಹುದು.

ಇನ್ನೆರಡು ಸಂಗತಿಗಳಿಗೆ ಹಣವೇ ಬೇಡ. ಇನ್‌ಹೇಲರ್ ಹಿಡಿದರೆ ಅದು ಚಟವಾಗಿಬಿಡುತ್ತದೆ, ಅದು ಕೊನೆಯ ಔಷಧ ಎಂಬ ಅಪನಂಬಿಕೆ ನಮ್ಮಲ್ಲಿ ಆಳವಾಗಿದೆ. ವಾಸ್ತವದಲ್ಲಿ ಅದು ಅತಿ ಸ್ವಲ್ಪ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ತಲುಪಿಸುವ ಸಾಧನ. ಮಾತ್ರೆಗಿಂತ ಕಡಿಮೆ ಪ್ರಮಾಣದಲ್ಲಿ ಹೆಚ್ಚು ಗುಣ. ವಿವಾಹಕ್ಕೆ ತೊಡಕಾಗುತ್ತದೆಂದು ಮಗಳ ಉಬ್ಬಸವನ್ನು ಬಚ್ಚಿಡುವ ತಂದೆತಾಯಿಗಳು ಅವಳಿಗೆ ಉಪಕಾರ ಮಾಡುತ್ತಿಲ್ಲ. ಎರಡನೆಯದು, ಕೆಮ್ಮುವವರನ್ನು ನಾವು ನೋಡುವ ನೋಟ. ಶ್ವಾಸರೋಗವೆಂದರೆ ಸೇದಿದ್ದರ ಫಲ ಎಂದು ತೀರ್ಪು ಕೊಡುವುದು ಸುಲಭ. ಸೇದಿದವನಿಗೂ ಕರುಣೆ ಸಲ್ಲಬೇಕು. ಬಿಡಲು ಬಯಸುವವನಿಗೆ ನೆರವು ಸಲ್ಲಬೇಕು. ಸೇದದೆಯೇ ಬಳಲುವವರಿಗೆ ಕನಿಷ್ಠ ಪಕ್ಷ ಅವರ ರೋಗದ ನಿಜವಾದ ಹೆಸರನ್ನು ಹೇಳುವ ಗೌರವ ಸಲ್ಲಬೇಕು. ಅವರು ನಮಗಾಗಿ ಅನ್ನ ಬೇಯಿಸಿದವರು, ನಮ್ಮ ಮನೆಗೆ ಕಲ್ಲು ಒಡೆದವರು.

ಆ ಹಿರಿಯ ಮಹಿಳೆ ಈಗ ಔಷಧವನ್ನು ಕ್ರಮವಾಗಿ ಸೇವಿಸುತ್ತಾರೆ. ಮೆಟ್ಟಿಲುಗಳ ನಡುವೆ ಈಗಲೂ ಒಮ್ಮೆ ನಿಲ್ಲುತ್ತಾರೆ. ಮನೆಯಲ್ಲಿ ಸೊಸೆ ಗ್ಯಾಸಿನ ಮೇಲೆ ಅಡುಗೆ ಮಾಡುತ್ತಾಳೆ; ಬಚ್ಚಲೊಲೆ ಮಾತ್ರ ಇನ್ನೂ ಸೌದೆಯದೇ, ಅದಕ್ಕಿನ್ನೂ ಕೊಳವೆಯಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ಹಾಕಿಸಿಕೊಡುವ ಹೊಣೆಯನ್ನು ನಾವು ಕೆಲವರು ಹೊತ್ತಿದ್ದೇವೆ. ಓದುಗರು ತಮ್ಮ ತಮ್ಮ ವಾಳೆಗಳಲ್ಲಿ ಅಂತಹ ಒಂದು ಮನೆಯನ್ನು ಹುಡುಕಿದರೆ ಈ ಬರಹ ಸಾರ್ಥಕವಾದೀತು.